ಅವ್ವನ ಗುಳಿಗೆ, ತಂಗಿಯ ಮುಖ

ಅವ್ವನಿಗೆ ಹೃದಯದ ತೊಂದರೆ ಶುರುವಾದ ಮೇಲೆ ಕಾಲು ಬಾಯುತ್ತಿದ್ದವು. ಮೈಯಲ್ಲಿ ನಿಂತ ನೀರು ಹೊರಹಾಕಲೆಂದು ಡಾಕ್ಟರು ಒಂದು ಗುಳಿಗೆ ಕೊಟ್ಟಿದ್ದರು. ನಾವು ಅದಕ್ಕೆ ನೀರಿನ ಗುಳಿಗೆ ಎನ್ನುತ್ತಿದ್ದೆವು. ಅದನ್ನು ನುಂಗಿದ ದಿನ ಅವ್ವ ಬಚ್ಚಲಿಗೆ ಓಡಾಡಿಯೇ ಸುಸ್ತಾಗುತ್ತಿದ್ದಳು, ಆದರೆ ಸಂಜೆಯ ಹೊತ್ತಿಗೆ ಕಾಲಿನ ಬಾವು ಇಳಿದಿರುತ್ತಿತ್ತು. ನನಗೆ ಅದು ಸಮಾಧಾನ. ನನ್ನ ತಂಗಿ ಅದರಲ್ಲಿ ಬೇರೇನನ್ನೋ ಕಂಡಿದ್ದಳು.

ತಂಗಿ ಬಸವಕಲ್ಯಾಣದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಂಗಡಿಯವರು ಫೋನಿನಲ್ಲಿ ಲೈವ್ ಹಾಕಿ ಸೀರೆ ಮಾರಲು ಶುರುಮಾಡಿದಾಗ ಇವಳನ್ನೇ ನಿಲ್ಲಿಸಿದರು. ಮಾತು ಚುರುಕು, ನಗು ಚೆಂದ. ಸೀರೆಗಳು ಹೋಗುತ್ತಿದ್ದವು. ಆದರೆ ಕೆಳಗೆ ಕಾಮೆಂಟಿನಲ್ಲಿ ಯಾರ್ಯಾರೋ ಬರೆಯುತ್ತಿದ್ದರು: ಮುಖ ಪೂರಿ ಹಂಗ ಊದ್ಯಾದ, ಬ್ಯಾರೆ ಹುಡುಗಿ ಇಲ್ಲೇನ್ರಿ?

"ಅಕ್ಕಾ, ಖರೇ ಹೇಳು. ನನ್ನ ಮಾರಿ ಅಷ್ಟು ದಪ್ಪ ಕಾಣ್ತದೇನ?"

"ಹುಚ್ಚಿ, ಕೆಲಸಿಲ್ದವರು ಬರೀತಾರ. ನೀ ಓದಬ್ಯಾಡ."

ಅವಳು ಓದುತ್ತಲೇ ಇದ್ದಳು.

ಬರಬರುತ್ತಾ ಅವಳ ಕೆನ್ನೆ ಒಳಗೆ ಹೋಯಿತು. ಓಣಿಯ ಹೆಂಗಸರು ಏನು ಮಾಡಿದೆ ಎಂದು ಕೇಳಿ ಹೊಗಳಿದರು. ಅನ್ನ ಬಿಟ್ಟಿದ್ದೇನೆ ಎನ್ನುತ್ತಿದ್ದಳು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಹೊಸ ಬ್ಲೌಸಿಗೆ ಟೇಪು ಹಿಡಿದರೆ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ತುಟಿ ಮಾತ್ರ ಒಣಗಿ ಬಿರಿದಿತ್ತು. ಲೈವ್ ಇದ್ದ ದಿನ ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ಕಾಲು ಸೆಳೆತಕ್ಕೆ ಮೀನಖಂಡ ಹಿಡಿದುಕೊಂಡು ಅತ್ತಿದ್ದಳೆಂದು ಜೊತೆಗೆ ಹೋಗುವ ಹುಡುಗಿ ಹೇಳಿದಳು. ಅವತ್ತೇ ಅವಳ ಬ್ಯಾಗು ನೋಡಿದೆ. ಅವ್ವ ನುಂಗುವಂಥದೇ ನೀರಿನ ಗುಳಿಗೆ, ಅವಳೇ ಕೊಂಡ ಹೊಸ ಸ್ಟ್ರಿಪ್.

"ಅವ್ವಗ ಡಾಕ್ಟರೇ ಕೊಟ್ಟಾರಲ್ಲ. ನಂಗ ಯಾಕ ನಡಿಯಂಗಿಲ್ಲ?" ಎಂದಳು.

"ಅವ್ವಗ ಬ್ಯಾನಿ ಅದ. ನಿಂಗೇನಾಗ್ಯಾದ?"

"ನಿಂಗ ತಿಳಿಯಂಗಿಲ್ಲಕ್ಕಾ. ನಿನ್ನ ಯಾರೂ ನೋಡಾಕತ್ತಿಲ್ಲ."

ಗುಳಿಗೆಗಳನ್ನು ಮೋರಿಗೆ ಎಸೆದೆ. ಅವಳು ಮತ್ತೆ ತಂದಳು. ಮೆಡಿಕಲ್ಲಿನವನ ಹತ್ತಿರ ಹೋಗಿ, ಚೀಟಿ ಇಲ್ಲದೆ ಕೊಡಬೇಡಿ ಎಂದು ಕೈಮುಗಿದೆ. "ನಾ ಕೊಡಲಿಲ್ಲಂದ್ರ ಆಜೂಬಾಜೂ ಅಂಗಡ್ಯಾಗ ಸಿಗ್ತದ್ರಿ ಅಕ್ಕಾರ," ಎಂದು ಅವನು ಮುಂದಿನ ಗಿರಾಕಿಯತ್ತ ತಿರುಗಿದ.

ದಸರೆಯ ಮುಂಚೆ ದಿನವೂ ಲೈವ್ ಇತ್ತು. ಒಂದು ಮಧ್ಯಾಹ್ನ ಮಷಿನ್ನಿನ ಮುಂದೆ ಕೂತು ಫೋನಿನಲ್ಲಿ ಅವಳನ್ನೇ ನೋಡುತ್ತಿದ್ದೆ. ಹಸಿರು ಸೀರೆಯ ಸೆರಗು ಬಿಡಿಸುತ್ತಿದ್ದವಳು ಬಣ್ಣದ ಹೆಸರು ಹೇಳಲು ಹೋಗಿ ತಡವರಿಸಿದಳು. ಎದೆಯ ಮೇಲೆ ಕೈಯಿಟ್ಟಳು. ಮರುಕ್ಷಣ ಫೋನಿನಲ್ಲಿ ಅವಳಿರಲಿಲ್ಲ, ಹಿಂದಿನ ಗೋಡೆಯಷ್ಟೇ ಇತ್ತು. ಯಾರೋ ಕೂಗಿದರು. ಕೆಳಗೆ ಮಾತ್ರ ಹಸಿರು ಸೀರೆಗೆ ಎಷ್ಟ್ರಿ ಎಂದು ಬರೆಯುತ್ತಲೇ ಇದ್ದರು. ನಾನು ಫೋನಿಗೇ ಬಾಯಿ ಹಚ್ಚಿ ಅವಳ ಹೆಸರು ಹಿಡಿದು ಕಿರುಚಿದೆ. ಅವಳಿಗೆ ಹೇಗೆ ಕೇಳಬೇಕು?

ಪಕ್ಕದ ಮನೆಯವರ ಗಾಡಿಯಲ್ಲಿ, ಅಂಗಡಿಯವರು ಅವಳನ್ನು ಸೇರಿಸಿದ್ದ ಹುಮನಾಬಾದಿನ ಆಸ್ಪತ್ರೆ ಮುಟ್ಟಿದಾಗ ಅವಳ ಎದೆಗೆ ತಂತಿಗಳನ್ನು ಹಚ್ಚಿದ್ದರು. ಡಾಕ್ಟರಮ್ಮನಿಗೆ ಗುಳಿಗೆಯ ವಿಷಯ ಹೇಳಿದೆ.

"ಅದೇ ಅನ್ಕೊಂಡಿದ್ದೆ," ಎಂದರು. "ಮೈಯಾಗಿನ ಪೊಟ್ಯಾಸಿಯಂ ಭಾಳ ಇಳದದ. ಎದಿಬಡಿತ ತಾಳ ತಪ್ಪ್ಯಾದ, ಕಿಡ್ನಿಗೂ ಪೆಟ್ಟು ಬಿದ್ದದ. ಈ ಗುಳಿಗಿ ಕೊಬ್ಬು ಕರಗಸಂಗಿಲ್ರಿ. ನೀರು, ಉಪ್ಪು ಅಷ್ಟೇ ಹೋಗ್ತದ. ಕಲಬುರಗಿಗೆ ಕಳಸ್ತೀನಿ, ತಡ ಮಾಡಬ್ಯಾಡ್ರಿ."

ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತೆ. ಮಾನಿಟರಿನ ಗೆರೆ ಅಡ್ಡಾದಿಡ್ಡಿ ಓಡುತ್ತಿತ್ತು. ಮಾನಿಟರು ಪ್ರತಿ ಸಲ ಕೂಗಿದಾಗಲೂ ನರ್ಸಿನ ಮುಖ ನೋಡುತ್ತಿದ್ದೆ. ನನ್ನಿಂದ ಆಗುವುದು ಅಷ್ಟೇ ಇತ್ತು.

ಉಳಿದಳು. ಆದರೆ ಗುಳಿಗೆ ನಿಂತ ಮೇಲೆ ಮೈ ನೀರು ಹಿಡಿಯಿತು. ಮುಖ ಮೊದಲಿಗಿಂತ ಹೆಚ್ಚು ಊದಿತು. ನಿಧಾನಕ್ಕೆ ತಾನೇ ಇಳಿಯುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದನ್ನು ಅವಳು ನಂಬಲಿಲ್ಲ. ಕನ್ನಡಿಯ ಮುಂದೆ ಕೆನ್ನೆ ಒತ್ತಿ ಒತ್ತಿ ನೋಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಮತ್ತೆ ಕೆಲಸಕ್ಕೆ ಹೊರಟಳು. ಬೇಡವೆಂದರೂ ಕೇಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ.

"ಇನ್ನ ಆ ಗುಳಿಗಿ ಮುಟ್ಟಂಗಿಲ್ಲಂತ ಹೇಳು ತಂಗಿ," ಎಂದೆ.

"ಇವತ್ತು ತೊಗೊಂಡಿಲ್ಲಕ್ಕಾ," ಎಂದಳು. "ನಾಳೀದು ನಂಗೂ ಗೊತ್ತಿಲ್ಲ."

ಬಸ್ಸು ಬಂತು. ಅವಳು ಕಂಬಿ ಹಿಡಿದು ನಿಧಾನಕ್ಕೆ ಹತ್ತಿದಳು.