ಫಟಫಟಿ ನೂಕಿಕೊಂಡು ಬಂದ ಅಳಿಯ

“ಯಾಕಬೇ ಯಮ್ಮಾ, ಹಾರ್ನ್ ಕೇಳ್ಸಂಗಿಲ್ಲೇನು? ರೋಡ್ ನಿಮ್ಮಪ್ಪಂದೇನು?”

ಮೊನ್ನೆ ಬೆಟಗೇರಿ ಸಂತೆಯಿಂದ ಬದನೆಕಾಯಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದ ನನಗೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದು. ಕೇಳುವ ಮುಂಚೆ ಅವನ ಬೈಕು ನನ್ನ ಸೆರಗು ಸವರಿಕೊಂಡು ಹೋಗಿತ್ತು. ಚೀಲ ಕೈಜಾರಿ ಬದನೆಕಾಯಿಗಳೆಲ್ಲ ಗಟಾರದ ಕಡೆಗೆ ಹೊರಟಿದ್ದವು. ಅವನು ನಾಲ್ಕು ಮಾರು ಮುಂದೆ ಹೋಗಿ ನಿಂತು, ಹೆಲ್ಮೆಟ್ ಇಲ್ಲದ ತಲೆಯನ್ನು ಹಿಂದಕ್ಕೆ ತಿರುಗಿಸಿ, ನನಗೇ ಜೋರು ಮಾಡುತ್ತಿದ್ದ.

ನನ್ನ ಸಿಟ್ಟಿನ ಬಗ್ಗೆ ಈ ಅಂಕಣ ಓದುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಗ್ಯಾಸ್ ಸಿಲಿಂಡರ್ ತಡವಾಗಿ ಬಂದಿದ್ದಕ್ಕೆ ಇಡೀ ಒಂದು ವಾರದ ಅಂಕಣ ಬರೆದವಳು ನಾನು. (ಅದನ್ನು ಓದಿ ನಮ್ಮ ಮನೆಯವರು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದು ಬೇರೆ ಕಥೆ.) ಹಾಗಾದರೆ ಆ ಹುಡುಗನಿಗೆ ಏನು ಮಾಡಿರಬೇಕು ಹೇಳಿ?

ನಕ್ಕುಬಿಟ್ಟೆ. ನಡುರಸ್ತೆಯಲ್ಲಿ ನಿಂತು, ಕಣ್ಣಲ್ಲಿ ನೀರು ಬರುವಷ್ಟು. ಹುಡುಗ ಗಾಬರಿಯಾಗಿ ಗಾಡಿ ಎತ್ತಿಕೊಂಡು ಓಡಿಹೋದ. ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು, ಪಾಪ.

ಅವನಿಗೇನು ಗೊತ್ತು? ಅವನು ಕೇಳಿದ ಪ್ರಶ್ನೆಯಿಂದಲೇ ನಮ್ಮ ಮನೆಯಲ್ಲಿ ಒಂದು ಮದುವೆ ನಿಲ್ಲುವುದರಲ್ಲಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಗದಗಿನಲ್ಲಿ ಆಗ ಮೋಟಾರ್‌ಸೈಕಲ್ಲಿಗೆ ಯಾರೂ ಮೋಟಾರ್‌ಸೈಕಲ್ ಅನ್ನುತ್ತಿರಲಿಲ್ಲ. ಅದು ಫಟಫಟಿ. ಸ್ಟೇಷನ್ನಿನಿಂದ ಮನೆಗೆ ಟಾಂಗಾ, ಪೇಟೆಗೆ ಸೈಕಲ್, ಕಾಲೇಜಿಗೆ ನಮ್ಮ ಎರಡು ಕಾಲು. ಬೆಟಗೇರಿ ಓಣಿಗಳಲ್ಲಿ ದಿನವೆಲ್ಲ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ಗದ್ದಲವೇ ಇಲ್ಲ. ಅದರ ನಡುವೆ ಒಂದು ಫಟಫಟಿ ಬಂದರೆ ಒಲೆ ಮುಂದೆ ಕೂತ ಹೆಂಗಸರೂ ಅದು ಯಾರದು ಅಂತ ಸಪ್ಪಳದ ಮೇಲೆ ಹೇಳುತ್ತಿದ್ದರು. “ಡಾಕ್ಟರ್‌ದು ಬಂತ ನೋಡು.” “ಇದು ಮಲ್ಲ್ಯಾಂದು, ಮಕ್ಕಳನ್ನ ಒಳಗ ಕರಕೋರಿ!”

ಆ ಮಲ್ಲ್ಯಾ ನನ್ನ ಸ್ವಂತ ಅಣ್ಣ, ಮಲ್ಲಣ್ಣ.

ನಮ್ಮಪ್ಪನದು ಹತ್ತಿ, ಶೇಂಗಾದ ದಲಾಲಿ ಅಂಗಡಿ. ರೈತರನ್ನು ಕಾಣಲು ಲಕ್ಷ್ಮೇಶ್ವರ, ಮುಂಡರಗಿ ಅಂತ ಅಣ್ಣ ಓಡಾಡಬೇಕಾಗುತ್ತದೆಂದು ಹುಬ್ಬಳ್ಳಿಯಿಂದ ಹಳೆಯದೊಂದು ಕಪ್ಪು ಫಟಫಟಿ ತರಿಸಿದ್ದರು. ತಂದ ಮೇಲೆ ಅಣ್ಣ ಅಣ್ಣನಾಗಿ ಉಳಿಯಲಿಲ್ಲ. ಮುಂಡರಗಿ ಬಸ್ಸು ಸ್ಟ್ಯಾಂಡ್ ಬಿಟ್ಟ ಮೇಲೆ ಇಲ್ಲಿ ಸಾವಕಾಶ ಒಂದು ಚಹಾ ಕುಡಿದು, ಬಸ್ಸು ಅಲ್ಲಿಗೆ ಮುಟ್ಟುವುದರೊಳಗೆ ಮುಂಡರಗಿಯಲ್ಲಿ ಇನ್ನೊಂದು ಚಹಾ ಕುಡಿಯುವುದು ಅವನ ದೊಡ್ಡ ಸಾಧನೆ. ಅವ್ವ ದಿನಾ ಬಾಗಿಲಲ್ಲಿ ನಿಂತು “ಸಾವಕಾಶ ಹೋಗಪಾ” ಅನ್ನುತ್ತಿದ್ದಳು. ಆ ಮಾತು ಮುಗಿಯುವುದರೊಳಗೆ ಅವನು ಓಣಿ ತಿರುಗಿರುತ್ತಿದ್ದ.

ಸುಳ್ಳು ಯಾಕೆ ಹೇಳಲಿ, ಹಿಂದೆ ಕೂತು ಹೋಗಲು ನನಗೂ ಖುಷಿಯೇ. ಗಾಳಿಗೆ ಜಡೆ ಹಾರುತ್ತಿದ್ದರೆ ಗದಗಿಗೆ ನಾನೇ ರಾಣಿ.

ಆ ವರ್ಷ ಅಣ್ಣನಿಗೆ ಕನ್ಯೆ ಹುಡುಕುತ್ತಿದ್ದರು. ಶಿರಹಟ್ಟಿಯಲ್ಲಿದ್ದ ನಮ್ಮ ಅತ್ತೆ, ಅಪ್ಪನ ತಂಗಿ, ಸೊರಟೂರಿನ ಒಂದು ಒಕ್ಕಲುತನದ ಮನೆಯ ಹುಡುಗಿಯ ಫೋಟೋ ಕಳಿಸಿದ್ದಳು. ಹೆಸರು ಗಿರಿಜಾ. ಸ್ಟುಡಿಯೋದ ಹೂಕುಂಡದ ಪಕ್ಕ, ಎರಡು ಜಡೆ ಮುಂದೆ ಹಾಕಿಕೊಂಡು ನಿಂತ ಫೋಟೋ. ಅಣ್ಣ ಅದನ್ನು ನೋಡಿ “ನಿಮ್ಮ ಮರ್ಜಿ” ಅಂದ. ಮರುದಿನ ಫೋಟೋ ಗೋಡೆಯ ಗೂಟದಲ್ಲಿದ್ದ ಅವನ ಅಂಗಿಯ ಕಿಸೆಯಲ್ಲಿ ಸಿಕ್ಕಿತು. ಮರ್ಜಿ ಯಾರದು ಅಂತ ಮನೆಗೆಲ್ಲ ಗೊತ್ತಾಯಿತು.

ಹುಡುಗಿ ನೋಡುವ ದಿನಕ್ಕೆ ಇನ್ನೂ ಒಂದು ವಾರ ಇತ್ತು. ನಾನು ಅತ್ತೆಯ ಮನೆಗೆ ಹೊರಟಿದ್ದೆ. ಯಾವತ್ತೂ ನನ್ನನ್ನು ಸಿನೆಮಾಕ್ಕೂ ಕರೆದುಕೊಂಡು ಹೋಗದ ಅಣ್ಣ, “ಬಸ್ಸಿಗೆ ಯಾಕ? ನಾನ ಶಿರಹಟ್ಟಿಗೆ ಬಿಟ್ಟ ಬರ್ತೀನಿ ನಡಿ” ಅಂದ! ಸೊರಟೂರು ದಾರಿಯಲ್ಲೇ ಬರುತ್ತದಲ್ಲ. ಓಣಿಯಲ್ಲಿ ಒಂದು ಸುತ್ತು ಹೊಡೆದರೆ ಹುಡುಗಿ ಕಂಡರೂ ಕಂಡಾಳು ಅನ್ನುವ ಹಂಚಿಕೆ.

ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಕಡಲೆ ಗಿಡ ಕಿತ್ತು ತಂದು ರಸ್ತೆಯ ತುಂಬ ಹರವುತ್ತಾರೆ. ಬಸ್ಸು, ಲಾರಿ ಮೇಲೆ ಹಾದರೆ ಕಾಳು ತಾನಾಗಿ ಬಿಡಿಸಿಕೊಳ್ಳುತ್ತದೆ. (ತಪ್ಪು, ಗೊತ್ತು. ಪತ್ರ ಬರೆಯಬೇಡಿ. ಕಾಯಿದೆಯ ಪ್ರಕಾರ ತಪ್ಪೇ.) ಆದರೆ ಆಗ ಅದಕ್ಕೊಂದು ರೀತಿ ಇತ್ತು. ಡ್ರೈವರ್ ನಿಧಾನ ಮಾಡುತ್ತಿದ್ದ, ಹೆಂಗಸರು ಬದಿಗೆ ಸರಿಯುತ್ತಿದ್ದರು, ಬಸ್ಸು ಗಿಡಗಳ ಮೇಲೆ ಚರಚರ ಅನ್ನುತ್ತ ಹಾದುಹೋಗುತ್ತಿತ್ತು. ಕಿಟಕಿಯಿಂದ ಯಾರೋ “ಈ ಸಲ ಪೀಕ ಹೆಂಗೈತ್ರಿ?” ಅಂತ ಕೇಳುತ್ತಿದ್ದರು. ಫಟಫಟಿಯ ಕಥೆ ಬೇರೆ. ಅದರ ಭಾರಕ್ಕೆ ಕಾಳು ಬಿಡುವುದಿಲ್ಲ. ಬಿಟ್ಟ ಕಾಳು ಮಾತ್ರ ಚಕ್ರದ ಕೆಳಗೆ ಗೋಲಿಯಂತೆ ಉರುಳುತ್ತದೆ.

ಸೊರಟೂರು ಹತ್ತಿರ ಬಂತು. ಎದುರಿಗೆ ಕಡಲೆ ಹರವಿತ್ತು. ತಲೆಗೆ ಅರಿವೆ ಸುತ್ತಿಕೊಂಡ ಇಬ್ಬರು ಹೆಂಗಸರು ಗಿಡ ತಿರುವಿ ಹಾಕುತ್ತಿದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಹಿರಿಯರು ನಮಗೆ ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತು, ಬುಟ್ಟಿಗೆ ಕಾಳು ಬಳಿಯುತ್ತಿದ್ದರು. ಊರು ಬಂತು, ಹುಡುಗಿಯ ಊರು! ಅಣ್ಣ ನಿಧಾನ ಮಾಡಿಯಾನೇ? ಇನ್ನಷ್ಟು ಜೋರು ಬಿಟ್ಟ. ಹಾರ್ನ್ ಒತ್ತಿದ. ಹೆಂಗಸರು ಹಾರಿ ಬದಿಗೆ ಸರಿದರು. ಹಿರಿಯರು ಸರಿಯಲಿಲ್ಲ. ಅಣ್ಣ ಹಾರ್ನ್ ಒತ್ತುತ್ತಲೇ ಹೋದ. ಅವರು ಕೂತೇ ಇದ್ದರು.

ಇನ್ನು ಬ್ರೇಕ್ ಹಾಕಿದರೆ ಕಡಲೆಯ ಮೇಲೆ ಗಾಡಿ ಮಲಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಅಣ್ಣ ಹ್ಯಾಂಡಲ್ ತಿರುವಿದ. ಹಿಂದಿನ ಚಕ್ರ ಜಾರಿತು. ನಾನು “ಯವ್ವಾ!” ಅಂತ ಚೀರಿದೆ. ಗಾಡಿ ಅವರ ಮೊಣಕೈಗೆ ಒಂದು ಗೇಣು ಅಂತರದಲ್ಲಿ ಹಾದು, ಬುಟ್ಟಿಗೆ ಬಡಿದು, ಹೇಗೋ ನೆಟ್ಟಗಾಯಿತು. ಬುಟ್ಟಿ ಉರುಳುತ್ತ ಹೋಗಿ ಹೊಲಕ್ಕೆ ಬಿತ್ತು.

ಅಣ್ಣ ಮುಂದೆ ಹೋಗಿ ನಿಂತ. ಹೆದರಿದ್ದ. ಹೆದರಿದ ಗಂಡಸು ಏನು ಮಾಡುತ್ತಾನೆ? ಎದುರಿನವರ ಮೇಲೆ ಹರಿಹಾಯುತ್ತಾನೆ.

“ಹಾರ್ನ್ ಕೇಳ್ಸಂಗಿಲ್ಲೇನು? ರೋಡ್ ನಿಮ್ಮಪ್ಪಂದೇನು?”

ಹೆಂಗಸರಲ್ಲಿ ಚಿಕ್ಕವಳು ಕೈಯಲ್ಲಿದ್ದ ಕೋಲು ಎತ್ತಿ ಕೂಗಿದಳು: “ಹೌದು, ನಮ್ಮಪ್ಪಂದ! ಕಲ್ಲ ಒಡದ ಮಾಡ್ಯಾನ! ಇಳದ ಬಾ, ಹೇಳ್ತೀನಿ!”

ಅಣ್ಣ ಇಳಿಯಲಿಲ್ಲ. ಶಿರಹಟ್ಟಿಯವರೆಗೂ “ನೋಡಿದ್ಯಾ, ಹೆಂಗ ತಿರುವಿದೆ!” ಅನ್ನುತ್ತಲೇ ಬಂದ. ಹುಡುಗಿಯ ಮನೆ ಹುಡುಕುವುದು ಇಬ್ಬರಿಗೂ ಮರೆತೇಹೋಗಿತ್ತು.

ವಾರದ ಮೇಲೆ ಹುಡುಗಿ ನೋಡಲು ಹೋದೆವು. ಹಿರಿಯರು, ನಾನು ಬಸ್ಸಿಗೆ. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಫಟಫಟಿಯ ಮೇಲೆ. ನಾವು ಪಡಸಾಲೆಯಲ್ಲಿ ಕೂತು ನೀರು ಕುಡಿಯುವ ಹೊತ್ತಿಗೆ ಹೊರಗೆ ಸಪ್ಪಳ ಬಂತು. ನಾನು ಬಾಗಿಲಿಗೆ ಬಂದೆ.

ಅಂಗಳದ ಬಾಗಿಲಲ್ಲೇ ಹುಡುಗಿಯ ತಂದೆ ಫಕೀರಪ್ಪನವರು ಎತ್ತಿಗೆ ಮೇವು ಹಾಕುತ್ತಿದ್ದರು, ರಸ್ತೆಗೆ ಬೆನ್ನು ಮಾಡಿ. ಒಳಗೆ ಬರಲು ದಾರಿ ಇಲ್ಲದೆ ಅಣ್ಣ ಹಾರ್ನ್ ಹೊಡೆದ. ಎತ್ತು ತಿರುಗಿ ನೋಡಿತು. ಅವರು ನೋಡಲಿಲ್ಲ. ಮತ್ತೆ ಹೊಡೆದ. ಎತ್ತು ಕಿವಿ ಝಾಡಿಸಿತು. ಅವರು ಮೇವು ಹಾಕುತ್ತಲೇ ಇದ್ದರು.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಸಿಂಗಾರ ಮಾಡಿಕೊಂಡು ಕೂತಿರಬೇಕಾದ ಗಿರಿಜಾ ನನ್ನನ್ನು ದಾಟಿಕೊಂಡು ಅಂಗಳಕ್ಕೆ ಓಡಿದಳು. ತಲೆಯ ತುಂಬ ಮಲ್ಲಿಗೆ, ಬರಿಗಾಲು. ಒಮ್ಮೆ ಕೇಳಿದ ಫಟಫಟಿಯ ಸಪ್ಪಳ ಆ ಕಾಲದಲ್ಲಿ ಯಾರು ಮರೆಯುತ್ತಿದ್ದರು? ಅವಳು ಅಪ್ಪನ ಮುಂದೆ ಬಂದು ನಿಂತು, ಮಾರಿ ತೋರಿಸಿ, ತೋಳು ಹಿಡಿದು, ಹಿಂದೆ ನೋಡು ಅಂತ ಕೈಮಾಡಿದಳು. ಫಕೀರಪ್ಪನವರು ತಿರುಗಿದರು. ಮುಖದ ತುಂಬ ನಗು. ಕಿವಿ ಕೇಳದವರ ದೊಡ್ಡ ದನಿಯಲ್ಲಿ “ಬರ್ರಿ, ಬರ್ರಿ! ಬಿಸಲಾಗ ನಿಂತೀರಲ್ಲ!” ಅಂತ ಕೈಮುಗಿದರು.

ಅಣ್ಣನ ಮುಖ ನೋಡಬೇಕಿತ್ತು ನೀವು. ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತ ಆ ಬೆನ್ನು ಯಾರದು, ಕೋಲು ಎತ್ತಿದವಳು ಯಾರು ಅಂತ ಅವನಿಗೂ ತಿಳಿಯಿತು, ನನಗೂ ತಿಳಿಯಿತು.

ಒಳಗೆ ಹುಡುಗಿಯ ಕಾಕಾ, ಮುಚ್ಚಿಟ್ಟರು ಅಂತ ಆಮೇಲೆ ಮಾತು ಬರಬಾರದೆಂದು, ತಾವಾಗಿಯೇ ಹೇಳಿದರು: “ನಮ್ಮ ಅಣ್ಣಗ ಕಿವಿ ಕೇಳಂಗಿಲ್ರಿ. ಬರಗಾಲದಾಗ ಈ ಶಿರಹಟ್ಟಿ ರೋಡಿನ ಕೆಲಸಕ್ಕ ಹೋಗಿದ್ವಿ. ಕಲ್ಲಿನ ಖಣಿಯಾಗ ಮದ್ದು ಹಾರೂ ಮುಂದ ಭಾಳ ಹತ್ರ ಇದ್ದ. ಅವತ್ತ ಹೋದ ಕಿವಿ ಮತ್ತ ಬರಲಿಲ್ಲ.”

ಅಣ್ಣ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಫೋಟೋ ಕಿಸೆಯಲ್ಲಿಟ್ಟುಕೊಂಡು ತಿರುಗಿದ ಹುಡುಗಿ ಎದುರಿಗೆ ಕೂತಿದ್ದಾಳೆ, ಅವನು ತಲೆ ಎತ್ತುತ್ತಿಲ್ಲ. “ಏನರ ಕೇಳೂದಿದ್ರ ಕೇಳಪಾ” ಅಂದರು ನಮ್ಮಪ್ಪ. ಅಡುಗೆ, ಹೊಲಿಗೆ, ಹಾಡು ಅಂತ ಕೇಳುವುದು ರೂಢಿ. ಅಣ್ಣ ಸಣ್ಣ ದನಿಯಲ್ಲಿ ಹೇಳಿದ: “ನಂದೇನಿಲ್ಲ. ಅವರಿಗೇ ಏನರ ಕೇಳೂದಿದ್ರ ಕೇಳ್ಲಿ.”

ಗಿರಿಜಾ ನೆಟ್ಟಗೆ ಅವನನ್ನೇ ನೋಡಿದಳು. “ಹಾರ್ನ್ ಹೊಡದ ಮ್ಯಾಲೂ ಮುಂದಿನವ್ರು ಸರೀಲಿಲ್ಲ ಅಂದ್ರ ಏನ್ ಮಾಡಬೇಕ್ರಿ?”

ಹುಡುಗಿ ಎಷ್ಟು ಭೋಳೆ, ಎಷ್ಟು ಮುಗ್ಧೆ ಅಂತ ಹಿರಿಯರೆಲ್ಲ ನಕ್ಕರು. ಅಣ್ಣ ನಗಲಿಲ್ಲ.

“ನಿಂದರಬೇಕ್ರಿ.”

“ಆಮ್ಯಾಲ?”

“ಇಳದು, ಅವರ ಮುಂದ ಬಂದು, ಮಾರಿ ತೋರಸಬೇಕ್ರಿ.”

ಅವಳು ಎದ್ದು ಒಳಗೆ ಹೋದಳು.

ಸಾಮಾನ್ಯವಾಗಿ ಹೆಣ್ಣಿನ ಕಡೆಯವರು ಗಂಡಿನ ಕಡೆಯ ಉತ್ತರಕ್ಕೆ ಕಾಯುತ್ತಾರೆ. ಆ ಸಲ ನಮ್ಮ ಮನೆ ಕಾದಿತು. ಅಣ್ಣ ಊಟ ಬಿಟ್ಟ. ಬಸ್ಸಿನ ಜೊತೆ ಪಂದ್ಯ ಬಿಟ್ಟ. ಕೊನೆಗೆ ಅತ್ತೆ ಶಿರಹಟ್ಟಿಯಿಂದ ಖಬರು ತಂದಳು. “ಹುಡುಗಿ ಒಪ್ಪ್ಯಾಳ. ಆದ್ರ ಒಂದ ಮಾತಂತ. ಸೊರಟೂರ ಬಂತಂದ್ರ ಮಲ್ಲಣ್ಣ ಫಟಫಟಿ ಇಳದು, ನೂಕ್ಕೊಂಡ ಮನಿಗೆ ಬರಬೇಕಂತ.”

ಅಪ್ಪನಿಗೆ ಪಿತ್ತ ನೆತ್ತಿಗೇರಿತು. “ಅಳಿಯ ಆಗಾಂವ ಗಾಡಿ ನೂಕ್ಕೋತ ಹೋಗಬೇಕಾ? ಮಂದಿ ನಗಂಗಿಲ್ಲ?”

“ನಗಲಿ. ನೂಕ್ತೀನಿ” ಅಂದ ಅಣ್ಣ.

ನೂಕಿದ. ಮದುವೆಯಾಗಿ, ಗಿರಿಜಾ ನಮ್ಮ ವೈನಿಯಾಗಿ ಬಂದ ಮೇಲೂ, ಎಂಬತ್ತರ ದಶಕವಿಡೀ ನೂಕಿದ. ಊರಿನ ಮೊದಲ ಮನೆ ಬಂದರೆ ಎಂಜಿನ್ ಬಂದ್. ಇಸ್ತ್ರಿ ಅಂಗಿ ಬೆವರಿನಲ್ಲಿ ತೊಯ್ಯುತ್ತಿತ್ತು. ಹಿಂದೆ ಮಕ್ಕಳ ದಂಡು: “ಮಾಮಾ, ಪೆಟ್ರೋಲ್ ಖಾಲಿ ಆತೇನ್ರಿ?” ಅಂಗಳದಲ್ಲಿ ಮಾವ ಬೆನ್ನು ಮಾಡಿ ಕೂತಿದ್ದರೆ ಗಾಡಿ ನಿಲ್ಲಿಸಿ, ಸುತ್ತಿ ಹೋಗಿ, ಮುಂದೆ ನಿಂತು ಕೈಮುಗಿಯುತ್ತಿದ್ದ.

ಇದರಲ್ಲಿ ನಗುವ ಮಾತು ಯಾವುದು ಗೊತ್ತೇ? ಯಾಕೆ ನೂಕುತ್ತಾನೆ ಅಂತ ಫಕೀರಪ್ಪನವರಿಗೆ ಯಾರೂ ಹೇಳಲೇ ಇಲ್ಲ. ವೈನಿ ಹೇಳಲಿಲ್ಲ, ಅಣ್ಣನಿಗೆ ಬಾಯಿ ಬರಲಿಲ್ಲ. ಅಳಿಯನ ಗಾಡಿ ಸದಾ ಕೆಟ್ಟಿರುತ್ತದೆ ಅಂತಲೇ ಅವರು ನಂಬಿದ್ದರು. ಒಮ್ಮೆ ನಮ್ಮಪ್ಪನ ಕೈ ಹಿಡಿದು, ಓಣಿಗೆಲ್ಲ ಕೇಳುವಂತೆ, “ಬೀಗರ, ಅಂಥಾ ಗಾಡಿ ಯಾಕ ಕೊಡಿಸಿರಿ ಹುಡುಗಗ? ನಾ ಒಂದ ಜೋಡಿ ಎತ್ತು ಕೊಡತಿದ್ನೆಲ್ಲ!” ಅಂದಿದ್ದರು. ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಅಣ್ಣ ಎದ್ದು ಹಿತ್ತಲಿಗೆ ಹೋದ. ವೈನಿ ಅವನ ಹಿಂದೆ ಒಂದು ಲೋಟ ನೀರು ಒಯ್ದಳು.

ಮಾವ ವಯಸ್ಸಾಗಿ, ತಮ್ಮ ಹಾಸಿಗೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಹೋದರು. ಒಂದು ಗೇಣು ಈಚೆಗಾಗಿದ್ದರೆ ಎಪ್ಪತ್ತರ ದಶಕದಲ್ಲೇ ಹೋಗುತ್ತಿದ್ದರು ಅನ್ನುವುದು ಅವರಿಗೆ ಗೊತ್ತಾಗಲೇ ಇಲ್ಲ. ಕಡಲೆ ಹೊಟ್ಟಿನ ಧೂಳು ಕಣ್ಣಿಗೆ ನುಗ್ಗಿ ಗಾಡಿ ಕಂಡಿರಲಿಲ್ಲ, ಅವರಿಗೆ ನೆನಪಿದ್ದದ್ದು ಬುಟ್ಟಿ ಮಾತ್ರ. “ಎಂಥಾ ಗಾಳಿ ಅಂತೀನಿ, ತುಂಬಿದ ಬುಟ್ಟಿ ಹಾರಿಸ್ಕೊಂಡ ಹೋತು” ಅನ್ನುತ್ತಿದ್ದರು.

ಈಗ ಹೇಳಿ. ಹಾರ್ನ್ ಹೊಡೆದ ಕೂಡಲೇ ನಮ್ಮ ಕೆಲಸ ಮುಗಿಯಿತು ಅನ್ನುವುದನ್ನು ನಮಗೆ ಕಲಿಸಿದವರು ಯಾರು? ನಾನು ಸಪ್ಪಳ ಮಾಡಿದ್ದೇನೆ, ಇನ್ನು ಸಾಯುವುದು ಬದುಕುವುದು ನಿನಗೆ ಬಿಟ್ಟಿದ್ದು. ಇದೆಂಥ ನ್ಯಾಯ? ಮುಂದೆ ಬೆನ್ನು ಮಾಡಿ ನಿಂತವರಿಗೆ ಕಿವಿ ಕೇಳದಿರಬಹುದು, ಕಾಲು ಬಾರದಿರಬಹುದು, ಮಗಳ ಮದುವೆಯ ಚಿಂತೆ ಇರಬಹುದು. (ನನ್ನ ಹಾಗೆ, ಬದನೆಕಾಯಿ ಎಣ್ಣೆಗಾಯಿ ಮಾಡಲೋ ಪಲ್ಯ ಮಾಡಲೋ ಅನ್ನುವ ಚಿಂತೆಯೂ ಇರಬಹುದು.) ಬೆನ್ನು ನೋಡಿದರೆ ಅದೆಲ್ಲ ತಿಳಿಯುವುದಿಲ್ಲ. ಅದಕ್ಕೇ ನಿಲ್ಲಬೇಕು.

ಮೊನ್ನೆ ಮನೆಗೆ ಬಂದು ವೈನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ನಗಲಿಲ್ಲ. “ನೀ ಆ ಹುಡುಗಗ ಏನ ಉತ್ತರಾ ಕೊಟ್ಟಿ?” ಅಂದಳು. ಏನೂ ಕೊಡಲಿಲ್ಲ, ನಕ್ಕೆ ಅಂದೆ. “ಕೊಡಬೇಕಾಗಿತ್ತು” ಅಂದಳು.

ಹೌದು, ಕೊಡಬೇಕಿತ್ತು. ಇಲ್ಲಿ ಕೊಡುತ್ತಿದ್ದೇನೆ. ಬೆಟಗೇರಿಯ ಆ ಹುಡುಗ ಪೇಪರ್ ಓದುವವನ ಹಾಗೆ ಕಾಣಲಿಲ್ಲ. ಅವನ ಅವ್ವ ಓದುತ್ತಿದ್ದರೆ ದಯವಿಟ್ಟು ಮುಟ್ಟಿಸಲಿ.

ರೋಡ್ ನಮ್ಮಪ್ಪಂದಲ್ಲ ತಮ್ಮಾ, ನಮ್ಮ ವೈನಿಯ ಅಪ್ಪಂದು. ಅವರಿಗೆ ಕಿವಿ ಕೇಳಂಗಿಲ್ಲ, ಸಾವಕಾಶ ಹೋಗು.