ಹದಿನೆಂಟನೆಯ ಹಾಳೆ ಹುಡುಕುವ ತಿರಕಪ್ಪ

ಹುಬ್ಬಳ್ಳಿ ಗಾಡಿ ಹೋಗಿ ಇನ್ನೂ ಹೊಗೆ ಆರಿಲ್ಲ. ಗದಗ ಸ್ಟೇಷನ್ನಿನ ಹೊರಗೆ ಬೇವಿನ ಮರದ ಬುಡದಲ್ಲಿ ಮೋತಿಬಿ ಚುರಮರಿ ಚೀಲ ಬಿಚ್ಚಿ, ರದ್ದಿ ಕಾಗದವನ್ನು ಪೊಟ್ಟಣಕ್ಕೆ ಸುತ್ತುತ್ತಿದ್ದಾಳೆ. ಅವಳೆದುರು ಕುಕ್ಕರಗಾಲಲ್ಲಿ ಕೂತ ಐವತ್ತರ ಆಸುಪಾಸಿನ ಮನುಷ್ಯ ಚುರಮರಿಗೆ ಬಂದ ಗಿರಾಕಿಯಲ್ಲ. ಮೈಮೇಲೆ ಖಾಕಿ ಕೋಟು, ಬಗಲಲ್ಲೊಂದು ಬಟ್ಟೆ ಚೀಲ. ಮೋತಿಬಿ ಕೈ ಹಾಕುವ ಮೊದಲೇ ಒಂದೊಂದು ಕಾಗದವನ್ನೂ ಎಳೆ ಬಿಸಿಲಿಗೆ ಹಿಡಿಯುತ್ತಾನೆ, ನೋಡುತ್ತಾನೆ, ಕೆಳಗಿಡುತ್ತಾನೆ.

"ಇವತ್ತರ ಸಿಕ್ತೇನಣ್ಣಾ?" ಮೋತಿಬಿ ಕೇಳುತ್ತಾಳೆ.

"ಇಲ್ಲ ಬಿಡಬೇ. ಇವೆಲ್ಲಾ ಅಚ್ಚಿನ ಕಾಗದ. ನಂದು ಕೈಬರಹದ್ದು. ಮ್ಯಾಲ ಉಂಗುರದಂಥ ಸುತ್ತಿನ್ಯಾಗ ಅಂಕಿ ಇರತೈತಿ."

"ಹನ್ನೊಂದು ದಿನದಿಂದ ಅದನ್ನ ಹೇಳಾಕತ್ತೀಯಲ್ಲ. ನನಗ ಬಾಯಿಪಾಠ ಆಗೈತಿ!"

ಈ ಮನುಷ್ಯನ ಹೆಸರು ತಿರಕಪ್ಪ. ಹುಟ್ಟೂರು ಮುಂಡರಗಿ ಕಡೆಯ ಹಿರೇವಡ್ಡಟ್ಟಿ, ಬಿಡಾರ ಬೆಟಗೇರಿಯಲ್ಲಿ, ಕೆಲಸ ಇಲ್ಲಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಸಿಪಾಯಿಯದು. ಓದು ಬರಹ ಬಾರದು. ನಗಬೇಡಿ, ಆ ಗ್ರಂಥಾಲಯದ ಒಂದು ಕಪಾಟಿನಲ್ಲಿರುವ ನಲವತ್ತಾರು ಪುಸ್ತಕಗಳ ಗುರುತು ಅವನಷ್ಟು ಬಲ್ಲವರು ಎಂ.ಎ. ಮಾಡಿದವರಲ್ಲೂ ಇಲ್ಲ.

ಕಾಲೇಜಿನವರು ಆ ಕಪಾಟನ್ನು 'ಕಾಯ್ದಿಟ್ಟ ಕಪಾಟು' ಎನ್ನುತ್ತಾರೆ. ಪರೀಕ್ಷೆಗೆ ಬೇಕೇಬೇಕಾದ, ಆದರೆ ಒಂದೇ ಒಂದು ಪ್ರತಿ ಇರುವ ಪುಸ್ತಕಗಳನ್ನು ಮಾಸ್ತರರು ಆರಿಸಿ ಅದರಲ್ಲಿ ಇಡುತ್ತಾರೆ. ಮನೆಗೆ ಒಯ್ಯುವಂತಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಎರಡು ತಾಸು ಓದಬೇಕು, ಮುಂದಿನವರಿಗೆ ಬಿಟ್ಟುಕೊಡಬೇಕು. ಕೊಂಡು ಓದುವ ಶಕ್ತಿಯಿದ್ದವರು ಆ ಬೆಂಚಿನತ್ತ ಸುಳಿಯುವುದಿಲ್ಲ. ಅಲ್ಲಿ ಕೂರುವವರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬುತ್ತಿ ಗಂಟು ಹಿಡಿದು ಬಂದವರು. ದಿನಕ್ಕೆ ಎಪ್ಪತ್ತು ಎಂಬತ್ತು ಸಲ ತಿರಕಪ್ಪ ಕಪಾಟಿನ ಬಾಗಿಲು ತೆಗೆಯುತ್ತಾನೆ, ಹಾಕುತ್ತಾನೆ.

ಅಕ್ಷರ ಬಾರದವನು ಪುಸ್ತಕ ಹೇಗೆ ಗುರುತಿಸುತ್ತಾನೆ? ದಾರದಿಂದ. ಅವನ ಹೆಂಡತಿ ಶಂಕ್ರೆವ್ವ ನೇಕಾರರ ಮನೆಗಳಲ್ಲಿ ನೂಲು ಸುತ್ತುವವಳು. ಮಗ್ಗದಲ್ಲಿ ಉಳಿದ ಬಣ್ಣದ ತುಂಡು ದಾರಗಳನ್ನು ಸೆರಗಿನಲ್ಲಿ ಕಟ್ಟಿ ತರುತ್ತಾಳೆ. ಒಂದೊಂದು ಪುಸ್ತಕಕ್ಕೂ ಒಂದೊಂದು ಬಣ್ಣ, ಇಂತಿಷ್ಟು ಗಂಟು. ಅರ್ಥಶಾಸ್ತ್ರಕ್ಕೆ ಹಳದಿ, ಮೂರು ಗಂಟು. ತರ್ಕಶಾಸ್ತ್ರಕ್ಕೆ ಕೆಂಪು, ಒಂದೇ ಗಂಟು. ಬರಬರುತ್ತಾ ಹುಡುಗರು ಪುಸ್ತಕದ ಹೆಸರನ್ನೇ ಮರೆತರು. "ಕಾಕಾ, ಹಸರ ಎರಡು ಗಂಟು ಕೊಡ್ರಿ" ಎನ್ನುತ್ತಾರೆ. ಮಾಸ್ತರರೂ ಹಾಗೆಯೇ ಕೇಳುತ್ತಾರೆ ಎಂದರೆ ನೋಡಿ!

ಆ ಹಸಿರು ಎರಡು ಗಂಟಿನದೇ ಈಗ ಹೋಗಿರುವುದು. ಅದು ಅಚ್ಚಾದ ಪುಸ್ತಕವಲ್ಲ, ರಟ್ಟು ಕೂಡ ಇರಲಿಲ್ಲ. ಇತಿಹಾಸದ ಕುಬೇರಪ್ಪ ಮಾಸ್ತರರು ಇಂಗ್ಲಿಷ್ ಪುಸ್ತಕ ತಲೆಗೆ ಹತ್ತದೆ ಒದ್ದಾಡುವ ಹಳ್ಳಿಯ ಮಕ್ಕಳಿಗಾಗಿ ಕನ್ನಡನಾಡಿನ ಇತಿಹಾಸವನ್ನು ಕನ್ನಡದಲ್ಲೇ, ತಮ್ಮ ಕೈಯಾರೆ ಬರೆದಿಟ್ಟಿದ್ದ ಇನ್ನೂರ ಹದಿನಾಲ್ಕು ಹಾಳೆ. ಮೂರು ಬೇಸಿಗೆ ರಜೆ ಅದಕ್ಕೆ ಸವೆಸಿದರು. ತಿರಕಪ್ಪನಿಗೆ ಅಂಕಿ ಕಲಿಸಿದವರೂ ಅವರೇ. "ಅಕ್ಷರ ಮುಂದಿನ ವರ್ಷ ಕಲಸ್ತೀನಿ ತಡಿಯೋ" ಎಂದಿದ್ದರು. ಆ ಮುಂದಿನ ವರ್ಷ ಬರಲಿಲ್ಲ. ಕಳೆದ ಮಾಘದಲ್ಲಿ ತೀರಿಕೊಂಡರು.

ಹೋದದ್ದು ಹೇಗೆ? ಹೇಳಿದರೆ ಹೊಟ್ಟೆ ಉರಿಯುತ್ತದೆ. ಅಕ್ಟೋಬರ್ ಮೂವತ್ತೊಂದರ ಮಧ್ಯಾಹ್ನ, ಮರುದಿನ ನಾಡು ಒಂದಾಗುವ ಸಡಗರ. ಕಾಲೇಜಿನ ಕಿಟಕಿ ಬಾಗಿಲಿಗೆಲ್ಲ ಮಾವಿನ ತೋರಣ. ಎಲೆ ಬೇಕಾದಷ್ಟಿವೆ, ಪೋಣಿಸಲು ದಾರ ತೀರಿತು. ಪೇಟೆಯ ಅಂಗಡಿಗಳಲ್ಲೂ ಆಗಲೇ ಖಾಲಿ. ಯಾರೋ ಕೂಗಿದರು, "ಲೇ ತಿರಕಪ್ಪ, ನಿನ್ನ ಕಪಾಟಿನ ತುಂಬ ದಾರ ಐತೆಲ್ಲೋ!"

"ನಾನರ ಬ್ಯಾಡ ಅಂದೆನೇನ್ರಿ?" ತಿರಕಪ್ಪ ತನ್ನನ್ನೇ ಬೈದುಕೊಳ್ಳುತ್ತಾನೆ. "ಕುಣಕೋತ ಹೋಗಿ ಬಿಚ್ಚಿ ಕೊಟ್ಟೆ. ಸ್ವಾತಂತ್ರ್ಯ ಬಂದಾಗ ಬಾವುಟಕ್ಕ ಹಗ್ಗ ಕಟ್ಟಿದಾಂವ ನಾನ. ಈಗ ನಾಡು ಒಂದಾಗೂ ಹೊತ್ತಿನ್ಯಾಗ ನಾಕ ಮೊಳ ದಾರಕ್ಕ ಕೈ ಹಿಡಿದರ ಹ್ಯಾಂಗ ಅಂದೆ. ನಾಳಿ ಹೊಸಾದು ಕಟ್ಟಿದರಾತು, ಯಾವದು ಎಲ್ಲೈತಿ ನನಗ ಗೊತ್ತೈತಿ ಅನ್ನೂ ಸೊಕ್ಕು."

ಅಷ್ಟರಲ್ಲಿ ಕುರ್ಚಿ ಹಾಕಲು ಜಾಗ ಬೇಕೆಂದು ಕಪಾಟು ಸರಿಸಿದರು. ಒಳಗಿನದೆಲ್ಲ ನೆಲಕ್ಕೆ ಬಂತು. ಪಕ್ಕದಲ್ಲೇ ಆಫೀಸಿನವರು ಮುಂಬಯಿ ಸರಕಾರದ ಕಾಲದ ಹಳೆ ಕಾಗದಗಳನ್ನು ರದ್ದಿಗೆಂದು ಒಟ್ಟಿದ್ದರು. ಬೆನ್ನಿರುವ ಪುಸ್ತಕ ಪುಸ್ತಕದ ಹಾಗೆ ಕಂಡಿತು. ದಾರ ಬಿಚ್ಚಿದ ಹಾಳೆಯ ಕಟ್ಟು ಮಾತ್ರ ರದ್ದಿಯೊಳಗೆ ರದ್ದಿಯಾಯಿತು. ಅದನ್ನು ಹೊತ್ತು ರದ್ದಿಯವನ ಗಾಡಿಗೆ ಹಾಕಿದ್ದು ಬೇರೆ ಯಾರೂ ಅಲ್ಲ, ಒಂಬತ್ತು ವರ್ಷ ಅದನ್ನು ಕಾದ ತಿರಕಪ್ಪನೇ.

ಮರುದಿನ ಮೆರವಣಿಗೆ, ಭಾಷಣ, ಪೇಢೆ. ಅದರ ಮರುದಿನ ಬೆಳಿಗ್ಗೆ ಹೊಸ ದಾರ ಕಟ್ಟಲು ಕೂತಾಗ ಲೆಕ್ಕ ನಲವತ್ತೈದಕ್ಕೆ ನಿಂತಿತು. ಮತ್ತೆ ಎಣಿಸಿದ. ಇಲ್ಲದ್ದು ಆ ಹಾಳೆಯ ಕಟ್ಟು. ರದ್ದಿಯವನಲ್ಲಿಗೆ ಓಡಿದರೆ ಅವನ ಕೊಟ್ಟಿಗೆ ಗುಡಿಸಿದಂತಿತ್ತು. ದೀಪಾವಳಿಯ ವ್ಯಾಪಾರ, ಕಾಗದವೆಲ್ಲ ಕಿರಾಣಿ, ಭಜಿ, ಚುರಮರಿ ಅಂಗಡಿಗಳ ಪಾಲಾಗಿತ್ತು.

ತಿರಕಪ್ಪ ನೇರ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತು ಒಪ್ಪಿಕೊಂಡ. ಅವರು ಬೈಯಲಿಲ್ಲ. "ಹೋಗ್ಲಿ ಬಿಡು, ಖುಷಿ ದಿನದಾಗ ಒಂದೀಟು ಹೆಚ್ಚುಕಡಿಮಿ" ಎಂದು ಬೇರೆ ಕಡತ ತೆಗೆದರು. ಬೈದಿದ್ದರೇ ಒಳ್ಳೆಯದಿತ್ತು ಎನ್ನುತ್ತಾನೆ. ಇನ್ನೂರ ಹದಿನಾಲ್ಕು ಹಾಳೆ ಇದ್ದದ್ದೂ ಅವರಿಗೆ ಗೊತ್ತಿರಲಿಲ್ಲ, ಹೋದದ್ದೂ ತಟ್ಟಲಿಲ್ಲ.

ಅಂದಿನಿಂದ ಬೆಳಕು ಹರಿಯುವ ಮುಂಚೆ ಏಳುವುದು, ಸ್ಟೇಷನ್, ಟಾಂಗಾ ನಿಲ್ಲುವ ಕಡೆ, ಬೆಟಗೇರಿಯ ಭಜಿ ಅಂಗಡಿ ಸುತ್ತುವುದು, ಹತ್ತಕ್ಕೆ ಕಾಲೇಜು. ಒಂದು ಹಾಳೆ ಮಿರ್ಚಿ ಭಜಿಗೆ ಸುತ್ತಿದ್ದು ಸಿಕ್ಕಿತು. ಇನ್ನೊಂದು ಯಾರದೋ ಮನೆಯ ಒಡೆದ ಕಿಟಕಿಗೆ ಅಂಟಿಸಿದ್ದು, ಬಿಡಿಸುವಾಗ ಅರ್ಧ ಅಲ್ಲೇ ಉಳಿಯಿತು. ಜನ ನಗುತ್ತಾರೆ. ಹೆಸರಿಗೆ ತಕ್ಕ ಹಾಗೆ ತಿರಿಯಲು ಹೊರಟ ಎನ್ನುವವರೂ ಇದ್ದಾರೆ. ಎಣ್ಣೆ ಹತ್ತಿದ ಹಾಳೆಗೆ ಶಂಕ್ರೆವ್ವ ಜೋಳದ ಹಿಟ್ಟು ಉದುರಿಸಿ, ಮೇಲೆ ಕಲ್ಲು ಹೇರಿ ಎಣ್ಣೆ ಹೀರಿಸುತ್ತಾಳೆ.

"ರೊಟ್ಟಿಗೆ ಹಿಟ್ಟು ಇಲ್ಲದಿದ್ದರೂ ನಡೀತೈತಿ, ಇವರ ಹಾಳಿಗೆ ಬೇಕು" ಎಂದು ಗೊಣಗುತ್ತಾಳೆ. ಆಮೇಲೆ ದನಿ ತಗ್ಗುತ್ತದೆ. "ಉಂಡಿದ್ದು ಮೈಗೆ ಹತ್ತವಲ್ದು ನೋಡ್ರಿ. ನಿದ್ದಿಗಣ್ಣಾಗ ಅಂಕಿ ಎಣಸ್ತಾರ."

ಇಲ್ಲಿಯವರೆಗೆ ಸಿಕ್ಕಿದ್ದು ಅರವತ್ತೊಂದು. ಹುಡುಕಲು ಇನ್ನೂ ಎಷ್ಟೋ ಅಂಗಡಿಗಳಿವೆ ಎಂದು ಅವನು ಹೇಳುತ್ತಾನಾದರೂ ಅವನಿಗೂ ಗೊತ್ತು. ಪೊಟ್ಟಣ ಬಿಚ್ಚಿ ತಿಂದವನು ಕಾಗದ ಜೋಪಾನ ಮಾಡುತ್ತಾನೆಯೇ? ಚರಂಡಿ ಸೇರಿದ್ದು ಸೇರಿತು, ಒಲೆ ಸೇರಿದ್ದು ಸೇರಿತು. ಈ ನಾಲ್ಕು ದಿನದಲ್ಲಿ ಸಿಕ್ಕಿದ್ದು ಎರಡೇ.

ಹತ್ತು ಗಂಟೆಗೆ ಕಾಯ್ದಿಟ್ಟ ಕಪಾಟಿನ ಮುಂದೆ ಮೊದಲು ಬಂದು ನಿಲ್ಲುವವಳು ಫಕ್ಕೀರವ್ವ. ಸೊರಟೂರಿನ ಮೈಲಾರಪ್ಪನ ಮಗಳು, ಬೆಟಗೇರಿಯ ಅತ್ತೆಯ ಮನೆಯಲ್ಲಿದ್ದು ಓದುತ್ತಾಳೆ. ಆ ಊರಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಇದೇ ತಿಂಗಳು ಇಪ್ಪತ್ತಾರಕ್ಕೆ ಪರೀಕ್ಷೆ. ಇತಿಹಾಸದಲ್ಲಿ ಹಿಂದಿನ ಸಲ ಪಾಸು ಸ್ವಲ್ಪದರಲ್ಲೇ ತಪ್ಪಿತ್ತು. ಈ ಸಲವೂ ನಪಾಸಾದರೆ ಮನೆಗೆ ಬಂದು ಹೊಲದ ಕೆಲಸಕ್ಕೆ ನಿಲ್ಲಬೇಕು ಎಂದು ಅಪ್ಪ ಖಡಾಖಂಡಿತ ಹೇಳಿದ್ದಾನೆ.

"ಕುಬೇರಪ್ಪ ಸರ್ ಬರದದ್ದು ಓದಿದರ ನನಗ ತಿಳೀತಿತ್ತು. ಇಂಗ್ಲಿಷ್‌ದು ಓದಿದರ ಗ್ವಾಡಿ ನೋಡಿದಂಗ ಆಗತೈತಿ" ಎನ್ನುತ್ತಾಳೆ.

ಅವಳ ಮುಂದೆ ತಿರಕಪ್ಪ ಅರವತ್ತೊಂದು ಹಾಳೆಗಳನ್ನು ಇಡುತ್ತಾನೆ. ಹೊಸ ಹಸಿರು ದಾರ, ಎರಡು ಗಂಟು. ಒಂದರಿಂದ ಹದಿನೇಳು ಒಟ್ಟಿಗೇ ಸಿಕ್ಕಿವೆ, ಕಿರಾಣಿಯವನೊಬ್ಬ ಇನ್ನೂ ಬಿಡಿಸಿರಲಿಲ್ಲ. ಹತ್ತೊಂಬತ್ತರಿಂದ ಇಪ್ಪತ್ತಾರೂ ಇವೆ. ಆಮೇಲಿನದು ಅಲ್ಲೊಂದು ಇಲ್ಲೊಂದು.

ಒಂಬತ್ತು ವರ್ಷದಲ್ಲಿ ಯಾವ ಪುಸ್ತಕದೊಳಗೆ ಏನಿದೆ ಎಂದು ಕೇಳದವನು ಮೊನ್ನೆ ಮೊದಲ ಸಲ ಕೇಳಿದ. "ಅದರಾಗ ಏನ ಬರದಾರ, ಓದವ್ವ ಒಂದೀಟು."

ಹುಡುಗಿ ಹದಿನೇಳನೆಯ ಹಾಳೆಯ ಕೊನೆ ಓದಿದಳು: "ಹೀಗೆ ಕನ್ನಡ ಮಾತನಾಡುವ ಜನ ಒಬ್ಬರ ಮುಖ ಒಬ್ಬರು ಕಾಣದಂತೆ ಹಲವು ಆಡಳಿತಗಳ ಪಾಲಾಗಿ ಹಂಚಿಹೋದರು. ಇದಕ್ಕೆ ಮುಖ್ಯ ಕಾರಣ..."

"ಏನಂತ ಕಾರಣ?"

"ಅದು ಹದಿನೆಂಟರಾಗ ಐತಿ ಕಾಕಾ."

ತಿರಕಪ್ಪ ಹೊರಗೆ ಹೋಗಿ ಕಂಬಕ್ಕೆ ಒರಗಿ ನಿಂತ. ಬಾಗಿಲಿಗೆ ಕಟ್ಟಿದ ತೋರಣ ಹಾಗೇ ಇದೆ. ಎಲೆ ಒಣಗಿ ಮುದುಡಿವೆ, ದಾರದ ಬಣ್ಣ ಮಾಸಿಲ್ಲ. ಅದನ್ನು ಬಿಚ್ಚಿ ಹಾಕು ಎಂದು ಆಫೀಸಿನವರು ಎರಡು ಸಲ ಹೇಳಿದ್ದಾರೆ. ಅವನಿಗೆ ಕೈ ಬರುತ್ತಿಲ್ಲ.

ಈಗ ಬೇವಿನ ಮರದ ಬುಡದಲ್ಲಿ, ಇಷ್ಟೆಲ್ಲ ಅಲೆದು ಏನು ಬೇಕಪ್ಪಾ ನಿನಗೆ ಎಂದರೆ ಚೀಲದ ಬಾಯಿ ಬಿಗಿಯುತ್ತಾನೆ. ಮೋತಿಬಿ ಅವನ ಕೈಗೊಂದು ಚುರಮರಿ ಪೊಟ್ಟಣ ಕೊಡುತ್ತಾಳೆ. ಚುರಮರಿಯನ್ನು ಅಂಗವಸ್ತ್ರಕ್ಕೆ ಸುರಿದು ಮೊದಲು ಕಾಗದ ಬಿಡಿಸಿ ನೋಡುತ್ತಾನೆ. ಅಚ್ಚಿನ ಕಾಗದ.

"ಎಲ್ಲಾ ಸಿಗತಾವಂತ ನನಗೇನೂ ಆಸಿ ಇಲ್ರಿ" ಎನ್ನುತ್ತಾನೆ. "ಹದಿನೆಂಟು ಒಂದ ಸಿಕ್ಕರ ಸಾಕು. ಆ ಹುಡುಗಿ ಹದಿನೇಳರಾಗ ನಿಂತಾಳ್ರಿ. ಅಲ್ಲೇ ನಿಂತಾಳ."