ಟವೆಲ್ ಹಾಕಿದ ಸೀಟು

ಹರಿಹರಪುರದಲ್ಲಿ ನಮ್ಮ ನೆರೆಮನೆಯ ಯಜಮಾನರ ಹೆಗಲಿನಿಂದ ಕೆಂಪು ಟವೆಲ್ಲು ಇಳಿಯಿತೆಂದರೆ ಎಲ್ಲೋ ಒಂದು ಸೀಟು ಹೋಯಿತೆಂದೇ ಅರ್ಥ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಅದು ಕಿಟಕಿಯೊಳಗೆ ಹಾರುತ್ತಿತ್ತು. ಮದುವೆಮನೆಯಲ್ಲಿ ಅವರು ಕೈ ತೊಳೆಯಲು ಹೋದರೆ ಎಲೆಯ ಮುಂದೆ ಟವೆಲ್ಲು ಕೂತಿರುತ್ತಿತ್ತು. ಯಾರಾದರೂ ತಕರಾರು ತೆಗೆದರೆ ಒಂದೇ ಮಾತು: "ಟವೆಲ್ ಹಾಕಿದೀನಲ್ಲ ಮಾರಾಯ, ಕಾಣಲ್ವಾ?"

ಒಂದು ಬೇಸಿಗೆ ರಜೆಯಲ್ಲಿ ಎರಡೂ ಮನೆಯವರು ಮಕ್ಕಳನ್ನು ಕಟ್ಟಿಕೊಂಡು ವಿಮಾನಗಳ ಮ್ಯೂಸಿಯಂ ನೋಡಲು ಹೊರಟೆವು. ಬಾಡಿಗೆ ವ್ಯಾನಿನ ಮುಂದಿನ ಸೀಟಿಗೆ ಟವೆಲ್ಲು ಹಿಂದಿನ ದಿನವೇ ಬಂದಿತ್ತು.

ಮ್ಯೂಸಿಯಂನ ಅಂಗಳದಲ್ಲಿ ಒಂದು ಹಳೆಯ ವಿಮಾನದ ಪೈಲಟ್ ಸೀಟಿನಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸುತ್ತಿದ್ದರು. ಯಜಮಾನರ ಪುಟ್ಟ ಮೊಮ್ಮಗಳು ಶಿಸ್ತಾಗಿ ಉದ್ದನೆಯ ಸಾಲಿನ ಕೊನೆಗೆ ಹೋಗಿ ನಿಂತಳು. ಅಜ್ಜ ಅವಳನ್ನು ಕನಿಕರದಿಂದ ನೋಡಿದರು. ನೇರ ವಿಮಾನದ ಬಳಿ ಹೋಗಿ, ಒಳಗಿದ್ದ ಮಗು ಇಳಿಯುತ್ತಿದ್ದಂತೆ ತೆರೆದ ಕಿಟಕಿಯಿಂದ ಟವೆಲ್ಲನ್ನು ಒಳಕ್ಕೆ ಎಸೆದರು. ಹಿಂದೆಯೇ ತಾವೂ ಹತ್ತಿ ಕೂತರು.

"ಅಜ್ಜಾ, ಅದು ಮಕ್ಕಳಿಗೆ! ಇಳಿ!" ಎಂದು ಮೊಮ್ಮಗಳು ಅಳುವ ದನಿಯಲ್ಲಿ ಕೂಗಿದಳು.

"ಸುಮ್ನಿರು ಪುಟ್ಟಿ. ಇಳಿದ್ರೆ ಬೇರೆಯವ್ರು ಕೂತ್ಕೋತಾರೆ."

ಬೇರೆಯವರೆಂದರೆ, ಬಿಸಿಲಲ್ಲಿ ಸಾಲುಗಟ್ಟಿ ನಿಂತಿದ್ದ ಅಷ್ಟೂ ಮಕ್ಕಳು.

ಕಾವಲುಗಾರ ಓಡಿಬಂದ. "ಇಳೀರಿ ಯಜಮಾನ್ರೇ, ಈ ವಿಮಾನ ಎಲ್ಲಿಗೂ ಹೋಗಲ್ಲ."

ಯಜಮಾನರು ಟವೆಲ್ಲನ್ನು ಕೊಡವಿ ಬೆನ್ನಿಗೆ ಇಟ್ಟುಕೊಂಡು, ಇನ್ನಷ್ಟು ಒರಗಿ ಕೂತರು.

"ಹೋಗದಿದ್ರೆ ಎಂತ ಮಾರಾಯ? ಸೀಟು ಸಿಕ್ತಲ್ಲ!"